ವಿಡಿಯೊ ಪ್ರತಿಷ್ಠಾಪನಾ ಕಲೆ, ಭಾರತದಲ್ಲಿ

ಭಾರತದ ವಿಡಿಯೊ ಪ್ರತಿಷ್ಠಾಪನಾ ಕಲೆ (ಇನ್‌ಸ್ಟಲೇಶನ್) ಅಗ್ಗದ ಕ್ಯಾಮೆರಾ, ಪ್ರೊಜೆಕ್ಟರುಗಳ ಕೊಡುಗೆ ಎನ್ನುವುದು ವಾಡಿಕೆ. ಆದರೆ ಉಪಕರಣ ಕೈಗೆಟುಕುವ ಮೊದಲೇ ಅದರ ಅಗತ್ಯ ಹುಟ್ಟಿತ್ತು. ಚಿತ್ರಕಾರ ಅಕ್ಬರ್ ಪದಮ್ಸಿ ಬೊಂಬಾಯಿಯಲ್ಲಿ ನಡೆಸಿದ ವಿಷನ್ ಎಕ್ಸ್‌ಚೇಂಜ್ ಕಾರ್ಯಾಗಾರದಲ್ಲಿ ಕಲಾವಿದೆ ನಳಿನಿ ಮಲಾನಿ 1969ರಲ್ಲಿ ಕನಸಿನ ಮನೆಗಳ ಬಣ್ಣದ ಮಾದರಿಯನ್ನು ಚಿತ್ರೀಕರಿಸಿದರು. 1976ರ ಹೊತ್ತಿಗೆ ಅದರ ಮಗ್ಗುಲಿಗೆ ಕೊಳೆಗೇರಿ ನೋಡುವ ಯುವತಿಯ ಕಪ್ಪುಬಿಳುಪು ಚಿತ್ರ ಬಂತು. ‘ಯುಟೋಪಿಯಾ’ ಎಂಬ ಈ ಜೋಡಿಯನ್ನು ಒಂದಾದ ಮೇಲೊಂದು ತೋರಿಸಿದ್ದರೆ ಕಥೆಯಾಗುತ್ತಿತ್ತು. ಪಕ್ಕಪಕ್ಕದಲ್ಲಿ ಅದು ನೆಹರೂ ಯುಗದ ಭರವಸೆಯ ಮೇಲಿನ ಆರೋಪ.

ಈ ಬಗೆಯ ನೋಟ ಅನಿವಾರ್ಯವಾದದ್ದು 1992ರ ಬಾಬ್ರಿ ಮಸೀದಿ ಧ್ವಂಸ ಮತ್ತು ಅದನ್ನು ಹಿಂಬಾಲಿಸಿದ ಹಿಂಸೆಯ ನಂತರ. 1998ರ ಮೇ ತಿಂಗಳಲ್ಲಿ ಪೋಖ್ರಾನ್‌ನಲ್ಲಿ ಅಣುಪರೀಕ್ಷೆಗಳು ನಡೆದಾಗ ಮಲಾನಿ ದೇಶವಿಭಜನೆ ಕುರಿತ ಮಂಟೋ ಕಥೆಯನ್ನು ಹಿಡಿದು ‘ರಿಮೆಂಬರಿಂಗ್ ಟೋಬಾ ಟೇಕ್ ಸಿಂಗ್’ ರಚಿಸಿದರು. ಎದುರುಬದುರಿನ ಗೋಡೆಗಳ ಮೇಲೆ ಇಬ್ಬರು ಹೆಂಗಸರು ಒಂದು ಸೀರೆ ಮಡಿಸಲು ಹೆಣಗುತ್ತಾರೆ. ನಡುವೆ ಬಾಂಬಿನ ದೃಶ್ಯಗಳು. ನೆಲದ ತಗಡಿನ ಟ್ರಂಕುಗಳೊಳಗೆ ಮಾನಿಟರುಗಳು. ನೋಡುಗ ನಿಲ್ಲಬೇಕಾದದ್ದು ಆ ಇಬ್ಬರ ನಡುವೆಯೇ, ಆ ಕಥೆಯ ನಾಯಕ ಬಿಷನ್ ಸಿಂಗ್ ಗಡಿಯಲ್ಲಿ ಕುಸಿದು ಬಿದ್ದಂಥ ಯಾರದೂ ಅಲ್ಲದ ಜಾಗದಲ್ಲಿ. ಚೌಕಟ್ಟಿನ ಚಿತ್ರ ವಿಭಜನೆಯನ್ನು ತೋರಿಸಬಲ್ಲದು, ಅದರೊಳಗೆ ನಿಲ್ಲಿಸಲಾರದು.

ಇದು ಪಶ್ಚಿಮದ ಎರವಲು ಎಂಬ ಆಕ್ಷೇಪವಿದೆ. ಕಲಾವಿದ ನಾಮ್ ಜೂನ್ ಪೈಕ್ ಜರ್ಮನಿಯ ವುಪ್ಪರ್ಟಾಲ್‌ನಲ್ಲಿ ಟಿವಿಗಳನ್ನು ಕಲಾಕೃತಿಯಾಗಿಸಿದ್ದು 1963ರಲ್ಲಿ, ನಿಜ. ಆದರೆ ಪೈಕ್ ಕೆಣಕಿದ್ದು ಟಿವಿ ಎಂಬ ಮಾಧ್ಯಮವನ್ನೇ. ಮಲಾನಿಯಂತೆ ನಿರಾಶ್ರಿತರ ಟ್ರಂಕಿನಲ್ಲಿ ಟಿವಿಯನ್ನಿಟ್ಟಾಗ ಪ್ರಶ್ನೆಯೇ ಬೇರೆ. ಸಾಕ್ಷ್ಯಚಿತ್ರ ಸಾಲದೇ ಎಂಬುದು ಇನ್ನೂ ಗಟ್ಟಿಯಾದ ಆಕ್ಷೇಪ. ಅದೇ ಅಣುಪರೀಕ್ಷೆಗಳ ಬಗ್ಗೆ ಆನಂದ್ ಪಟವರ್ಧನ್ ‘ವಾರ್ ಅಂಡ್ ಪೀಸ್’ ಮಾಡಿದರು; ಒಂದು ಪರದೆಯೋ ಬಿಳಿಗೋಡೆಯೋ ಇದ್ದರೆ ಅಂಥ ಚಿತ್ರ ಯಾವ ಊರಿಗಾದರೂ ಹೋದೀತು. ವಾದ ಮಂಡಿಸಲು ಅದೇ ಮೇಲು. ಆದರೆ ಸಾಕ್ಷ್ಯಚಿತ್ರಕಾರರೇ ಆದ ಅಮರ್ ಕನ್ವರ್, ವಿಭಜನೆಯಿಂದ ಮಣಿಪುರದವರೆಗಿನ ಲೈಂಗಿಕ ಹಿಂಸೆ ಉಂಡ ಹೆಂಗಸರ ನೆನಪುಗಳಿಗೆ ‘ದಿ ಲೈಟ್ನಿಂಗ್ ಟೆಸ್ಟಿಮೊನೀಸ್’ನಲ್ಲಿ (2007) ಎಂಟು ಪರದೆಗಳನ್ನು ಬಳಸಿದರು. ಆ ಹೆಂಗಸರ ಮಾತುಗಳನ್ನು ಒಂದೇ ಸಾಲಿಗೆ ಪೋಣಿಸಿದರೆ ಒಬ್ಬಳ ನೋವು ಇನ್ನೊಬ್ಬಳದಕ್ಕೆ ಬರೀ ಪೀಠಿಕೆಯಾಗಿಬಿಡುತ್ತದೆ.

ಗ್ಯಾಲರಿಯ ನೋಡುಗರು ಬೆರಳೆಣಿಕೆಯವರೆಂಬ ದೂರನ್ನು ಮಾತ್ರ ಪೂರ್ತಿ ತಳ್ಳಿಹಾಕಲಾಗದು. ‘ದಿ ಲೈಟ್ನಿಂಗ್ ಟೆಸ್ಟಿಮೊನೀಸ್’ ಕೂಡ ಮೊದಲು ತೆರೆದುಕೊಂಡದ್ದು ಜರ್ಮನಿಯ ಕಾಸೆಲ್‌ನಲ್ಲಿ. ಆದರೆ ಒಡಿಶಾದ ಗಣಿಗಾರಿಕೆ, ಭೂಸ್ವಾಧೀನ ಕುರಿತ ಕನ್ವರ್ ಅವರ ‘ದಿ ಸಾವರಿನ್ ಫಾರೆಸ್ಟ್’ 2012ರಲ್ಲಿ ಭುವನೇಶ್ವರದ ಸಮದೃಷ್ಟಿ ಸಂಸ್ಥೆಯ ಆವರಣದಲ್ಲೇ ನೆಲೆಯೂರಿತು. ಅಲ್ಲಿ ವಿಡಿಯೊಗಳ ಜೊತೆ ನಾಡತಳಿಯ ಭತ್ತದ ಬೀಜಗಳಿದ್ದವು; ಬಂದವರು ತಮ್ಮಲ್ಲಿರುವ ಸಾಕ್ಷ್ಯವನ್ನೂ ಸೇರಿಸಬಹುದಿತ್ತು.