ಅಂತರಶಿಸ್ತೀಯ ಸಂಶೋಧನೆ: ಬೂದಿದಿಬ್ಬಗಳ ನಿದರ್ಶನ

ಒಂದು ಶಿಸ್ತು ಎತ್ತಿದ ಪ್ರಶ್ನೆಯನ್ನು ಮತ್ತೊಂದು ಶಿಸ್ತಿನ ವಿಧಾನಗಳಿಂದಲೂ ಪರೀಕ್ಷಿಸುವ ಅಧ್ಯಯನಕ್ರಮ. ಹಲವು ಶಿಸ್ತುಗಳವರು ಒಂದೇ ವಿಷಯದ ಮೇಲೆ ತಂತಮ್ಮ ಪಾಡಿಗೆ ಬರೆದರೆ ಅದು ಬಹುಶಿಸ್ತೀಯ. ಒಬ್ಬರ ಫಲಿತಾಂಶದಿಂದ ಇನ್ನೊಬ್ಬರ ಪ್ರಶ್ನೆಯೇ ಬದಲಾದಾಗ ಅದು ಅಂತರಶಿಸ್ತೀಯ. ಈ ಭೇದವನ್ನು ತೋರಿಸಲು ಬಳ್ಳಾರಿ, ರಾಯಚೂರು ಸೀಮೆಯ ಬೂದಿದಿಬ್ಬಗಳ ಅಧ್ಯಯನಕ್ಕಿಂತ ಒಳ್ಳೆಯ ನಿದರ್ಶನ ಕರ್ನಾಟಕದಲ್ಲಿ ಸಿಗುವುದು ಕಷ್ಟ.

ಊಹೆಗಳ ಕಾಲ

ಕುಡತಿನಿಯ ದಿಬ್ಬ ಭೀಮನು ಕೊಂದ ಹಿಡಿಂಬನ ಚಿತೆಯೆಂದೂ ಹಂಪಿ ಬಳಿಯ ನಿಂಬಾಪುರದ್ದು ವಾಲಿಯ ಚಿತಾಭಸ್ಮವೆಂದೂ ಸ್ಥಳೀಯರ ಹೇಳಿಕೆ. ನ್ಯೂಬೋಲ್ಡ್ 1843ರಲ್ಲಿ ಇವುಗಳ ವಿವರ ಪ್ರಕಟಿಸಿದ ಮೇಲೆ ವಿದ್ವಾಂಸರ ಊಹೆಗಳೂ ಬೆಳೆದವು: ಜ್ವಾಲಾಮುಖಿ, ಇಟ್ಟಿಗೆಗೂಡು, ಕಬ್ಬಿಣದ ಕುಲುಮೆ. ರಾಬರ್ಟ್ ಸೀವೆಲ್ ವಿಜಯನಗರ ಕಾಲದ ದಹನಗಳತ್ತ ಬೊಟ್ಟು ಮಾಡಿದ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಮಾತ್ರ ಇವನ್ನು ನವಶಿಲಾಯುಗದ ದನಗಾಹಿಗಳ ಸುಟ್ಟ ಸಗಣಿಯೆಂದ. ಅವನ ಮಾತು ನಿಜವಾಗಿತ್ತು. ಆದರೆ ಎದುರಾಳಿಯನ್ನು ಒಪ್ಪಿಸಬಲ್ಲ ಪರೀಕ್ಷೆ ಅವನಲ್ಲಿರಲಿಲ್ಲ. ಪ್ರಾಕ್ಕಲ್ಪನೆ ಸರಿಯಾಗಿರುವುದು ಬೇರೆ, ಸ್ಥಾಪಿತವಾಗುವುದು ಬೇರೆ.

ಪರೀಕ್ಷೆ

ಗೊಂದಲಕ್ಕೆ ಮೂಲ ದಿಬ್ಬಗಳಲ್ಲಿನ ಗಾಜಿನಂಥ ಕಿಟ್ಟ. ಸಗಣಿ ಸುಟ್ಟರೆ ಇಂಥದ್ದು ಹುಟ್ಟೀತೇ? ಹುಲ್ಲಿನ ಕಾಂಡದಲ್ಲಿ, ಎಲೆಯಲ್ಲಿ ಸಿಲಿಕಾ ಕಣಗಳಿರುತ್ತವೆ. ದನದ ಹೊಟ್ಟೆಯಲ್ಲಿ ಅವು ಕರಗದೆ ಸಗಣಿಗೆ ಸೇರುತ್ತವೆ. ಶುದ್ಧ ಸಿಲಿಕಾ ಕರಗಲು ವಿಪರೀತ ಶಾಖ ಬೇಕು. ಸಗಣಿಬೂದಿಯಲ್ಲಿನ ಪೊಟ್ಯಾಷ್‌ನಂಥ ಕ್ಷಾರಗಳು ಆ ಮಿತಿಯನ್ನು ಇಳಿಸುವುದರಿಂದ, ದೊಡ್ಡ ರಾಶಿಗೆ ಗಾಳಿ ಸಿಕ್ಕು ಹೊತ್ತಿದರೆ ಕುಲುಮೆಯಿಲ್ಲದೆಯೂ ಕಿಟ್ಟ ಉಂಟಾಗಬಲ್ಲದು. 1960ರ ಸುಮಾರಿಗೆ ಎಫ್. ಇ. ಝಾಯ್ನರ್ ಕುಡತಿನಿಯ ಮಾದರಿಗಳನ್ನು ಪರೀಕ್ಷಿಸಿ ಸಗಣಿಯ ಪರವಾಗಿ ತೀರ್ಮಾನಿಸಿದ. ರಸಾಯನಶಾಸ್ತ್ರದ ಕೆಲಸ ಅಲ್ಲಿಗೆ ಮುಗಿಯಿತು: ದಿಬ್ಬ ಯಾವುದರದ್ದೆಂದು ಅದು ಹೇಳಿತು, ಅಲ್ಲಿ ದನ ಕಟ್ಟುತ್ತಿದ್ದರೋ ಸಗಣಿಯನ್ನು ಹೊತ್ತು ತಂದರೋ ಎಂದು ಹೇಳಲಾರದು. ಅದಕ್ಕೆ ಉತ್ಖನನವೇ ಬೇಕು. ಈಗಿನ ತೆಲಂಗಾಣದ ಉಟ್ನೂರಿನಲ್ಲಿ 1957ರಲ್ಲಿ ಎಫ್. ಆರ್. ಆಲ್ಚಿನ್‌ಗೆ ಬೇಲಿಗೂಟಗಳ ಕುಳಿಗಳೂ ದನಗಳ ಗೊರಸಿನ ಗುರುತುಗಳೂ ಸಿಕ್ಕವು. ಸುರಪುರ ಸೀಮೆಯ ಬೂದಿಹಾಳದಲ್ಲಿ ಕೆ. ಪದ್ದಯ್ಯ ನಡೆಸಿದ ಉತ್ಖನನದಲ್ಲಿ ದಿಬ್ಬದ ಪಕ್ಕದಲ್ಲೇ ವಸತಿ, ದೊಡ್ಡಿ, ಪ್ರಾಣಿಗಳನ್ನು ಕಡಿದ ನೆಲ ಕಂಡವು.

ಸಸ್ಯ ಮತ್ತು ಕಾಲ

ಡೋರಿಯನ್ ಫುಲ್ಲರ್, ರವಿ ಕೋರಿಶೆಟ್ಟರ್ ಮತ್ತಿತರರು ಸಂಗನಕಲ್ಲು ಮೊದಲಾದ ನೆಲೆಗಳ ಮಣ್ಣನ್ನು ನೀರಿನಲ್ಲಿ ತೇಲಿಸಿ, ಕರಕಲಾದ ಹುರುಳಿ, ಹೆಸರು, ಕೊರಲೆ ಕಾಳುಗಳನ್ನು ಬೇರ್ಪಡಿಸಿದರು. ‘ದನಗಾಹಿ’ ಎಂಬ ಚಿತ್ರಕ್ಕೆ ಬೇಸಾಯವೂ ಸೇರಿತು. ಕಾಲನಿರ್ಣಯಕ್ಕೂ ಕಾಳುಗಳು ಒದಗುತ್ತವೆ: ಇದ್ದಿಲಿನ ರೇಡಿಯೊಕಾರ್ಬನ್ ಮಾಪನ ಮರ ಬೆಳೆದ ಕಾಲವನ್ನು ಕೊಡುತ್ತದೆ, ಮರ ಹಳೆಯದಾಗಿದ್ದರೆ ನೆಲೆಯ ವಯಸ್ಸು ಹೆಚ್ಚಾಗಿ ತೋರುತ್ತದೆ, ಕಾಳು ಒಂದು ಹಂಗಾಮಿನದು. ದಕ್ಷಿಣದ ನವಶಿಲಾಯುಗವನ್ನು ಈಗ ಸ್ಥೂಲವಾಗಿ ಕ್ರಿ.ಪೂ. 3000ರಿಂದ 1200ರವರೆಗೆ ಇಡಲಾಗುತ್ತದೆ.

ಸುಟ್ಟದ್ದೇಕೆ?

ಆಲ್ಚಿನ್ ಹಬ್ಬದ ಬೆಂಕಿಗಳನ್ನು ನೆನೆದು ಋತುಮಾನದ ಆಚರಣೆಯೆಂದ. ಇದು ಸಾದೃಶ್ಯ, ಸೂಚಿಸಬಲ್ಲದು, ಸಾಧಿಸಲಾರದು. ಕಸ ವಿಲೇವಾರಿ, ರೋಗಭಯ, ಸಾಮುದಾಯಿಕ ಸ್ಮಾರಕ ಎಂಬ ವಾದಗಳೂ ಇವೆ. ಇವುಗಳಲ್ಲಿ ಒಂದನ್ನು ತಳ್ಳಿಹಾಕಬೇಕಾದರೂ ಪದರ ಪದರವಾಗಿ ಮಾದರಿ ತೆಗೆಯಬೇಕು. ಹೊಲದ ಗೊಬ್ಬರಕ್ಕೆಂದು ಬೂದಿ ಅಗೆದೊಯ್ದ ದಿಬ್ಬಗಳಲ್ಲಿ ಆ ಪದರಗಳು ಉಳಿದಿಲ್ಲ.