ಉಪ್ಪುಗಾಳಿಯಲ್ಲಿ ಕಿಡಿ ಕಾಯುವ ಕೆಲಸ

ಚೆನ್ನೈನ ಪಾಡಿಯಲ್ಲಿ ಲ್ಯೂಕಾಸ್ ಎಂದರೆ ಒಂದು ಬಸ್ ಸ್ಟಾಪು. ಬ್ರಿಟನ್ನಿನ ಹಳೆ ಕಾರುಗಳ ಮಾಲೀಕರ ಬಾಯಲ್ಲಿ ಅದೇ ಹೆಸರು ತಮಾಷೆಯ ಸರಕು. ಲ್ಯೂಕಾಸ್ ಕಂಪನಿಯ ವಿದ್ಯುತ್ ಸಾಮಾನು ನಡುದಾರಿಯಲ್ಲಿ ಕೈಕೊಡುತ್ತದೆಂದು ಜೋಸೆಫ್ ಲ್ಯೂಕಾಸ್‌ಗೆ ಅವರು ‘ಕತ್ತಲೆಯ ರಾಜಕುಮಾರ’ ಎಂಬ ಬಿರುದನ್ನೇ ಕಟ್ಟಿಬಿಟ್ಟಿದ್ದಾರೆ. ನನ್ನ ಮಟ್ಟಿಗೆ ಅದು ಅರ್ಧ ಅನ್ಯಾಯದ ಬಿರುದು. 1961ರಲ್ಲಿ ಟಿವಿಎಸ್ ಮನೆತನ ಅದೇ ಲ್ಯೂಕಾಸ್ ಜೊತೆ ಸೇರಿ ಮದರಾಸಿನಲ್ಲಿ ಕಂಪನಿ ಕಟ್ಟಿತು. ಪಾಡಿಯ ಕಾರ್ಖಾನೆಯಿಂದ ಡೈನಮೊ, ಸ್ಟಾರ್ಟರ್ ಮೋಟರ್, ಡಿಸ್ಟ್ರಿಬ್ಯೂಟರ್ ಹೊರಬರತೊಡಗಿದವು. ಸಾಮಾನು ಪಕ್ಕದಲ್ಲೇ ಸಿಕ್ಕು, ಅದನ್ನು ಬಿಚ್ಚಿ ಕೂಡಿಸುವ ಕೈಯೂ ಊರಲ್ಲಿದ್ದರೆ ಅದೇ ಡಿಸ್ಟ್ರಿಬ್ಯೂಟರ್ ದಶಕಗಟ್ಟಲೆ ದುಡಿಯುತ್ತದೆ. ಎರಡರಲ್ಲಿ ಒಂದು ತಪ್ಪಿದರೂ ಅದರ ಹೆಸರು ಕೆಡುತ್ತದೆ.

ಮದರಾಸಿನಲ್ಲೇ ಕಟ್ಟಿದ ಹಳೆಯ ಕಾರೊಂದಕ್ಕೆ ಕಿಡಿಯ ತಾಪತ್ರಯವೇ ಇರಲಿಲ್ಲ. 1903ರಲ್ಲಿ ಸಿಂಪ್ಸನ್ ಕಂಪನಿಯ ಸ್ಯಾಮ್ಯುಯೆಲ್ ಜಾನ್ ಗ್ರೀನ್ ತಯಾರಿಸಿದ ಆ ಗಾಡಿ ಹಬೆಯಿಂದ ಓಡುತ್ತಿತ್ತು. ಪೆಟ್ರೋಲ್ ಎಂಜಿನ್ನಿಗೆ ಮಾತ್ರ ಸರಿಯಾದ ಸಿಲಿಂಡರಿನಲ್ಲಿ ಸರಿಯಾದ ಗಳಿಗೆಗೆ ಕಿಡಿ ಬೀಳಲೇಬೇಕು. ಜರ್ಮನಿಯ ಬಾಷ್ ಕಂಪನಿಯಲ್ಲಿ ಗಾಟ್‌ಲೋಬ್ ಹೊನೋಲ್ಡ್ 1902ರಲ್ಲಿ ಹೈ ವೋಲ್ಟೇಜ್ ಮ್ಯಾಗ್ನೆಟೊ ರೂಪಿಸಿದ. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಬ್ಯಾಟರಿ, ಕಾಯಿಲ್, ಪಾಯಿಂಟ್‌ಗಳ ಏರ್ಪಾಡನ್ನು ಹೊಂದಿಸಿ 1910ರ ಕ್ಯಾಡಿಲಾಕ್‌ಗೆ ಕೊಟ್ಟ. ಆಮೇಲೆ ಸುಮಾರು ಅರವತ್ತು ವರ್ಷ ಜಗತ್ತು ಕೆಟರಿಂಗನ ದಾರಿಯಲ್ಲೇ ನಡೆಯಿತು. ಪ್ಲಗ್ಗುಗಳು ಮಾತ್ರ ನಮ್ಮ ಕಡೆಯವು: 1951ರಲ್ಲಿ ಶುರುವಾದ ಬೆಂಗಳೂರಿನ ಆಡುಗೋಡಿಯ ಮೈಕೊ ಪ್ಲಗ್ ಹಾಕಿಕೊಳ್ಳದ ಗಾಡಿ ಒಂದು ಕಾಲಕ್ಕೆ ಇಲ್ಲಿ ಅಪರೂಪ.

ಡಿಸ್ಟ್ರಿಬ್ಯೂಟರಿನ ಏರ್ಪಾಡು ಸರಳ. ಎಂಜಿನ್ನಿನ ಅರ್ಧ ವೇಗದಲ್ಲಿ ತಿರುಗುವ ಒಂದು ಶಾಫ್ಟು, ಅದರ ಮೇಲೆ ನಾಲ್ಕು ಮೂಲೆಯ ಕ್ಯಾಮು. ಕ್ಯಾಮು ಪಾಯಿಂಟನ್ನು ತೆರೆದಾಗಲೆಲ್ಲ ಕಾಯಿಲ್‌ನ ಕರೆಂಟು ಕಡಿದು ಸಾವಿರಾರು ವೋಲ್ಟ್ ಚಿಮ್ಮುತ್ತದೆ. ರೋಟರ್ ಅದನ್ನು ಕ್ಯಾಪಿನೊಳಗೆ ಸರದಿಯ ಪ್ಲಗ್ಗಿಗೆ ದಾಟಿಸುತ್ತದೆ. ಪಾಯಿಂಟಿನ ತುದಿ ಸುಟ್ಟುಹೋಗದಂತೆ ಕಂಡೆನ್ಸರ್ ತಡೆಯುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ನು ನಿಮಿಷಕ್ಕೆ 6,000 ಸುತ್ತು ಹೊಡೆಯುವಾಗ ಸೆಕೆಂಡಿಗೆ 200 ಕಿಡಿ ಬೇಕು. ಸ್ಪೋರ್ಟ್ಸ್ ಕಾರಿನ ಡಿಸ್ಟ್ರಿಬ್ಯೂಟರ್ ಮನೆಯ ಕಾರಿನದಕ್ಕಿಂತ ಬೇಗ ದಣಿಯುವುದು ಇಲ್ಲೇ. ಪಾಯಿಂಟಿನ ಸ್ಪ್ರಿಂಗು ಸಡಿಲವಾಗಿದ್ದರೆ ಆ ವೇಗದಲ್ಲಿ ಅದು ಕ್ಯಾಮಿನ ಮೇಲೆ ಕುಪ್ಪಳಿಸುತ್ತದೆ, ಗಾಡಿ ಮಿಸ್ ಹೊಡೆಯುತ್ತದೆ.

ಭಾರತದಲ್ಲಿ ಸ್ಪೋರ್ಟ್ಸ್ ಕಾರನ್ನು ದೊಡ್ಡ ಸಂಖ್ಯೆಯಲ್ಲಿ ಯಾರೂ ತಯಾರಿಸಲಿಲ್ಲ. ಆದರೂ ಮದರಾಸಿನಲ್ಲಿ ಬ್ರಿಟಿಷ್ ಟೂ ಸೀಟರ್‌ಗಳು ಬದುಕಿಕೊಂಡದ್ದು ನೆಂಟಸ್ತಿಕೆಯ ಬಲದಿಂದ. ಸ್ಟ್ಯಾಂಡರ್ಡ್ ಮೋಟರ್ ಪ್ರಾಡಕ್ಟ್ಸ್ 1961ರಿಂದ ನಗರದ ಹೊರವಲಯದಲ್ಲಿ ಸ್ಟ್ಯಾಂಡರ್ಡ್ ಹೆರಾಲ್ಡ್ ತಯಾರಿಸಿತು. 1962ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಟ್ರಯಂಫ್ ಸ್ಪಿಟ್‌ಫೈರ್ ಅದೇ ಹೆರಾಲ್ಡಿನ ಚಾಸಿಸ್ಸನ್ನು ಮೊಟಕು ಮಾಡಿ, ಅದೇ ವಂಶದ ಎಂಜಿನ್ ಹಾಕಿ ಮಾಡಿದ ಕಾರು. ಇನ್ನೊಂದು ನಂಟು ಇನ್ನೂ ಮಜವಾದದ್ದು. 1955ರ ಎಂಜಿಎ ಸ್ಪೋರ್ಟ್ಸ್ ಕಾರಿನಲ್ಲಿದ್ದ 1,489 ಸಿಸಿಯ ಬಿ ಸೀರೀಸ್ ಎಂಜಿನ್ನಿನ ಸೋದರ ನಮ್ಮ ಅಂಬಾಸಡರಿನ ಬಾನೆಟ್ಟಿನ ಕೆಳಗೆ ಟ್ಯಾಕ್ಸಿ ದುಡಿಯುತ್ತಿತ್ತು. ಎಂಜಿ ಇಟ್ಟುಕೊಂಡ ಶ್ರೀಮಂತ ಟ್ಯಾಕ್ಸಿಯ ಮೆಕ್ಯಾನಿಕ್ಕಿನ ಹತ್ತಿರ ಹೋಗುವುದು ಮರ್ಯಾದೆಗೆ ಕಡಿಮೆಯೇನಲ್ಲ, ಜಾಣತನ.

ಆದರೆ ನೆಂಟರ ಅಂಗಿ ಮೈಗೆ ಹಿಡಿದ ಮಾತ್ರಕ್ಕೆ ಅಳತೆ ಸರಿ ಎಂದಲ್ಲ. ಡಿಸ್ಟ್ರಿಬ್ಯೂಟರಿನ ಹೊಟ್ಟೆಯಲ್ಲಿ ಎರಡು ಪುಟ್ಟ ತೂಕದ ತುಂಡುಗಳೂ ಎರಡು ಸ್ಪ್ರಿಂಗುಗಳೂ ಇವೆ. ವೇಗ ಏರಿದಂತೆ ಅವು ಹೊರಕ್ಕೆ ಬಿಚ್ಚಿಕೊಂಡು ಟೈಮಿಂಗನ್ನು ಅಡ್ವಾನ್ಸ್ ಮಾಡುತ್ತವೆ. ಎಷ್ಟು ಡಿಗ್ರಿ ಎಂಬುದು ಒಂದೊಂದು ಮಾದರಿಗೆ ಒಂದೊಂದು ಲೆಕ್ಕ. ಸಾಧು ಸ್ವಭಾವದ ಮನೆ ಕಾರಿನ ಡಿಸ್ಟ್ರಿಬ್ಯೂಟರನ್ನು ಸ್ಪೋರ್ಟ್ಸ್ ಕಾರಿಗೆ ಕೂರಿಸಿದರೆ ಗಾಡಿ ಸ್ಟಾರ್ಟ್ ಆಗುತ್ತದೆ, ಓಡುತ್ತದೆ, ಆದರೆ ಪಿಕಪ್ ಸತ್ತಿರುತ್ತದೆ, ಇಲ್ಲವೇ ದಿಬ್ಬದಲ್ಲಿ ಎಂಜಿನ್ ಕಟಕಟ ಎನ್ನುತ್ತದೆ. ಲ್ಯೂಕಾಸ್‌ನವರು ಡಿಸ್ಟ್ರಿಬ್ಯೂಟರಿನ ಮೈಮೇಲೆ ಪಾರ್ಟ್ ನಂಬರನ್ನೂ ತಯಾರಾದ ವಾರ ಮತ್ತು ವರ್ಷವನ್ನೂ ಒತ್ತುತ್ತಿದ್ದರು. ಬಟ್ಟೆಯಲ್ಲಿ ಎಣ್ಣೆ ಜಿಡ್ಡು ಒರೆಸಿ ಅದನ್ನು ಓದಿಕೊಳ್ಳುವುದೇ ಮೊದಲ ಮುನ್ನೆಚ್ಚರಿಕೆ. ಸ್ಪಿಟ್‌ಫೈರ್‌ನ ಕೆಲವು ಮಾದರಿಗಳಲ್ಲಿ ಇರುವುದು ಲ್ಯೂಕಾಸ್ ಅಲ್ಲವೇ ಅಲ್ಲ, ಡೆಲ್ಕೊ. ಅದಕ್ಕೆ ಹೆರಾಲ್ಡಿನ ಲ್ಯೂಕಾಸ್ ಕ್ಯಾಪು ಕೂರುವುದಿಲ್ಲ.

ಈ ಊರಿನ ನೆಂಟಸ್ತಿಕೆಯ ವಿದ್ಯೆ ಹರಿತವಾದದ್ದು ಶೋಲಾವರಂನಲ್ಲಿ. 1953ರಲ್ಲಿ ಹುಟ್ಟಿದ ಮದ್ರಾಸ್ ಮೋಟರ್ ಸ್ಪೋರ್ಟ್ಸ್ ಕ್ಲಬ್ ಅಲ್ಲಿನ ಯುದ್ಧಕಾಲದ ವಿಮಾನ ಪಟ್ಟಿಯ ಮೇಲೆ ದಶಕಗಳ ಕಾಲ ರೇಸು ನಡೆಸಿತು. 1990ರಲ್ಲಿ ಇರುಂಗಾಟ್ಟುಕೋಟೈನ ಟ್ರ್ಯಾಕ್ ಸಿದ್ಧವಾಯಿತು. ಬಯಲು, ಧೂಳು, ನೆತ್ತಿ ಸುಡುವ ಬಿಸಿಲು, ಪಿಟ್ಟಿನಲ್ಲಿ ಫೀಲರ್ ಗೇಜ್ ಹಿಡಿದ ಹುಡುಗರು. ಬೆಂಗಳೂರಿನ ಸಿಪಾನಿಯವರ ಡಾಲ್ಫಿನ್ 1982ರಲ್ಲಿ ಬಂದಾಗ ಅದರ ಫೈಬರ್ ಮೈ ನೋಡಿ ನಕ್ಕವರೇ ಆಮೇಲೆ ರ‍್ಯಾಲಿ, ರೇಸುಗಳಲ್ಲಿ ಅದರ ಓಟ ನೋಡಿ ಬಾಯಿ ಮುಚ್ಚಿದರು. ಹಗುರ ಗಾಡಿ ಅದು. ಒಂದು ಎಚ್ಚರ ಬೇಕು: ಫೈಬರ್ ಮೈಯಲ್ಲಿ ಕರೆಂಟು ಹರಿಯದ ಕಾರಣ ಅರ್ತ್ ವೈರುಗಳು ಗಟ್ಟಿಯಾಗಿರಬೇಕು. ಎಂಜಿನ್ನಿನಿಂದ ಚಾಸಿಸ್ಸಿಗೆ ಬರುವ ಪಟ್ಟಿ ತುಕ್ಕು ಹಿಡಿದರೆ ಕಿಡಿಯೂ ಸೊರಗುತ್ತದೆ.

ಅರ್ತ್ ಎಂದಾಗ ಲ್ಯೂಕಾಸ್‌ನ ಅತಿ ಕಾಟದ ದೋಷವೊಂದನ್ನು ಹೇಳಲೇಬೇಕು. 25ಡಿ4 ಮುಂತಾದ ಮಾದರಿಗಳಲ್ಲಿ ಪಾಯಿಂಟ್ ಕೂರುವ ತಟ್ಟೆಯನ್ನು ಮೈಗೆ ಜೋಡಿಸುವ ಒಂದು ತೆಳು ವೈರು ಇದೆ. ಎಂಜಿನ್ನಿನ ಹೀರುಬಲದಿಂದ ಟೈಮಿಂಗ್ ಬದಲಿಸುವ ವ್ಯಾಕ್ಯೂಮ್ ಅಡ್ವಾನ್ಸ್ ತಟ್ಟೆಯನ್ನು ಎಳೆದಾಗಲೆಲ್ಲ ಆ ವೈರು ಮಣಿಯುತ್ತದೆ. ಕಾಲಕ್ರಮೇಣ ಒಳಗಿನ ಎಳೆಗಳು ಮುರಿದು ಬರಿ ಹೊದಿಕೆ ಉಳಿಯುತ್ತದೆ. ಕಣ್ಣಿಗೆ ವೈರು ಸರಿ ಇದೆ, ನಿಂತಾಗ ಗಾಡಿಯೂ ಸರಿ, ಓಡುವಾಗ ಮಾತ್ರ ಆಫ್ ಆಗುತ್ತದೆ. ಇದನ್ನು ಹುಡುಕಲಾರದೆ ಕಾರ್ಬುರೇಟರ್, ಪೆಟ್ರೋಲ್ ಪಂಪು, ಕಾಯಿಲ್ ಎಲ್ಲ ಬದಲಾಯಿಸಿ ಕೈಸೋತವರು ಎಲ್ಲ ಊರಿನಲ್ಲೂ ಇದ್ದಾರೆ. ವೈರನ್ನು ಬೆರಳಲ್ಲಿ ಮೆಲ್ಲಗೆ ಎಳೆದು ನೋಡಿ. ರಬ್ಬರಿನ ಹಾಗೆ ಹಿಗ್ಗಿದರೆ ಒಳಗೆ ತಾಮ್ರವಿಲ್ಲ.

ಉಳಿದ ನಿಗಾ ಹಳೆಯ ಪದ್ಧತಿಯದೇ. ಪಾಯಿಂಟಿನ ಅಂತರ 15 ಥೌ, ಅಂದರೆ ಸುಮಾರು 0.4 ಮಿಲಿಮೀಟರ್. ಗೇಜ್ ಇಲ್ಲದೆ ವಿಸಿಟಿಂಗ್ ಕಾರ್ಡ್ ತೂರಿಸಿ ಹೊಂದಿಸುವ ಪರಿಣತರಿದ್ದಾರೆ. ದಾರಿಯಲ್ಲಿ ಸಿಕ್ಕಿಕೊಂಡಾಗ ಅದು ಸರಿ, ಮನೆಯಲ್ಲಿ ಬೇಡ. ಕ್ಯಾಮಿಗೆ ಉಜ್ಜುವ ಹಿಮ್ಮಡಿ ಸವೆದಂತೆ ಅಂತರ ಕಿರಿದಾಗಿ ಟೈಮಿಂಗ್ ಹಿಂದೆ ಬೀಳುತ್ತದೆ, ಎಂಜಿನ್ ಕಾಯುತ್ತದೆ. ಮೇ ತಿಂಗಳ ಚೆನ್ನೈನಲ್ಲಿ ರೇಡಿಯೇಟರನ್ನು ಬೈಯುವ ಮೊದಲು ಪಾಯಿಂಟನ್ನು ನೋಡುವುದು ಒಳ್ಳೆಯದು. ಕ್ಯಾಮಿಗೆ ಗ್ರೀಸ್ ಬೇಕು, ಆದರೆ ಸವರಿದಷ್ಟು ಮಾತ್ರ. ಇಲ್ಲಿನ ಸೆಕೆಗೆ ಹೆಚ್ಚಿನ ಗ್ರೀಸ್ ಕರಗಿ ಪಾಯಿಂಟಿನ ಮೇಲೆ ಸಿಡಿದು ಸುಡುತ್ತದೆ. ರೋಟರ್ ತೆಗೆದು ಅದರಡಿಯ ಸ್ಕ್ರೂ ಮೇಲೆ ಎರಡು ಹನಿ ಎಂಜಿನ್ ಆಯಿಲ್ ಬಿಡಬೇಕು. ಈ ಎರಡು ಹನಿ ಮರೆತಿದ್ದಕ್ಕೆ ತೂಕಗಳು ಅಂಟಿಕೊಂಡು ಅಡ್ವಾನ್ಸ್ ಸತ್ತ ಡಿಸ್ಟ್ರಿಬ್ಯೂಟರುಗಳು ಗುಜರಿಯಲ್ಲಿ ಬಿದ್ದಿವೆ. ಶಾಫ್ಟನ್ನು ಪಕ್ಕಕ್ಕೆ ಅಲುಗಿಸಿದಾಗ ಆಡಿದರೆ ಬುಷ್ ಸವೆದಿದೆ. ಆಮೇಲೆ ಯಾವ ಗೇಜೂ ನಿಜ ಹೇಳುವುದಿಲ್ಲ.

ಕ್ಯಾಪಿನ ಶತ್ರು ತೇವ. ಸಮುದ್ರದ ಉಪ್ಪುಗಾಳಿ ವರ್ಷವಿಡೀ, ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಹಿಂಗಾರು ಮಳೆ. ಕ್ಯಾಪಿನ ಒಳಮೈಯಲ್ಲಿ ಧೂಳು, ತೇವ ಕೂಡಿದ ಕಡೆ ಕಿಡಿ ಅಡ್ಡದಾರಿ ಹಿಡಿದು ಪೆನ್ಸಿಲ್ ಗೀರಿನಂತೆ ಕರಿ ಗೆರೆ ಕೊರೆಯುತ್ತದೆ. ಆ ಗೆರೆಯನ್ನು ಕೆರೆದು ತೆಗೆಯುವುದು ವ್ಯರ್ಥ, ಕ್ಯಾಪು ಬದಲಿಸಬೇಕು. ನಡುವಿನ ಕಾರ್ಬನ್ ಕಡ್ಡಿ ಸ್ಪ್ರಿಂಗಿನ ಮೇಲೆ ಸಲೀಸಾಗಿ ಆಡುತ್ತಿದೆಯೇ ನೋಡಬೇಕು. ವಾಟರ್ ಸರ್ವಿಸಿಗೆ ಬಿಟ್ಟಾಗ ಬಾನೆಟ್ ತೆರೆದು ಪೈಪು ಹಿಡಿಯಲು ಬಿಡಬಾರದು, ಇದು ಮಾತ್ರ ಜಗಳವಾಡಿಯಾದರೂ ತಡೆಯಬೇಕಾದ್ದು. 2015ರ ಡಿಸೆಂಬರಿನ ನೆರೆಯಂಥದ್ದರಲ್ಲಿ ಮುಳುಗಿದ ಗಾಡಿಗೆ ಕ್ಯಾಪು ಒರೆಸಿದರೆ ಸಾಲದು. ಡಿಸ್ಟ್ರಿಬ್ಯೂಟರನ್ನೇ ಹೊರತೆಗೆದು ಶಾಫ್ಟು, ತೂಕ, ಸ್ಪ್ರಿಂಗು ಬಿಚ್ಚಿ ಒಣಗಿಸಬೇಕು, ಇಲ್ಲದಿದ್ದರೆ ತುಕ್ಕು ಒಳಗೇ ಕೂರುತ್ತದೆ.

ಪಾಯಿಂಟನ್ನೇ ತೆಗೆದುಹಾಕುವ ಯತ್ನದಲ್ಲಿ ಲ್ಯೂಕಾಸ್ ಹೆಸರು ಮತ್ತೆ ಬರುತ್ತದೆ. 1971ರ ಜಾಗ್ವಾರ್ ಇ ಟೈಪ್ ವಿ12ಗೆ ಅವರು ಕೊಟ್ಟ ಓಪಸ್ ಎಲೆಕ್ಟ್ರಾನಿಕ್ ಇಗ್ನಿಷನ್ ಎಂಜಿನ್ನಿನ ಬಿಸಿಗೆ ಬಾಡಿಹೋಗಿ ಕುಖ್ಯಾತವಾಯಿತು. ಅಮೆರಿಕದಲ್ಲಿ ಎಪ್ಪತ್ತರ ದಶಕದ ನಡುವಿಗಾಗಲೇ ಪಾಯಿಂಟ್ ಮೂಲೆ ಸೇರಿತ್ತು. ಫ್ರಾನ್ಸಿನ ಸಿಟ್ರೊಯೆನ್ 2ಸಿವಿ 1948ರಷ್ಟು ಹಿಂದೆಯೇ ಡಿಸ್ಟ್ರಿಬ್ಯೂಟರ್ ಇಲ್ಲದೆ ಓಡುತ್ತಿತ್ತು, ಪಾಯಿಂಟ್ ಇತ್ತು ಅಷ್ಟೆ. ಎರಡೇ ಸಿಲಿಂಡರಿನ ಬಡವರ ಕಾರಿಗೆ ಎರಡು ಪ್ಲಗ್ಗಿಗೂ ಒಟ್ಟಿಗೆ ಕಿಡಿ ಕೊಟ್ಟರೆ ಸಾಕಿತ್ತು. ನಮ್ಮಲ್ಲಿ 2000ದ ಸುಮಾರಿಗೆ ಹೊಗೆಯ ನಿಯಮಗಳು ಬಿಗಿಯಾಗಿ ಮಾರುತಿ 800ಕ್ಕೂ ಫ್ಯೂಯಲ್ ಇಂಜೆಕ್ಷನ್ ಬಂತು. ಅಲ್ಲಿಂದ ಪಾಯಿಂಟ್ ಕೂರಿಸುವ ವಿದ್ಯೆಗೆ ಹೊಸ ಶಿಷ್ಯರು ಸಿಗಲಿಲ್ಲ.

ಹೀಗೆ ರೋಗದ ಮೂಲವೇ ಬದಲಾಗಿದೆ. ಒಂದು ಕಾಲಕ್ಕೆ ಡಿಸ್ಟ್ರಿಬ್ಯೂಟರ್ ಕೆಡುತ್ತಿದ್ದುದು ಓಡಿ ಓಡಿ ಸವೆದು, ಈಗ ನಿಂತು ನಿಂತು ಮತ್ತು ಹೊಸ ಸಾಮಾನು ಹಾಕಿಸಿಕೊಂಡು. ಹೊಸ ಕಂಡೆನ್ಸರ್ ಬಿಸಿಯಾದೊಡನೆ ಸತ್ತು, ತಣ್ಣಗಾದಾಗ ಮತ್ತೆ ಬದುಕುತ್ತದೆ. ಕೆಲವು ಅಗ್ಗದ ರೋಟರುಗಳಲ್ಲಿ ಹಿತ್ತಾಳೆಯನ್ನು ಹಿಡಿದ ರಿವೆಟ್ಟಿನ ಮೂಲಕವೇ ಕಿಡಿ ಶಾಫ್ಟಿಗೆ ಇಳಿದುಬಿಡುತ್ತದೆ. ಹಾಗಾಗಿ ಅನುಭವಸ್ಥರು ಜಿ.ಪಿ. ರೋಡಿನ ಹೊಸ ಡಬ್ಬಿಗಿಂತ ಪುದುಪೇಟೆಯ ಹಳೆಯ ಮಾಲನ್ನು, ಬೆಂಗಳೂರಿನಲ್ಲಾದರೆ ಜೆ.ಸಿ. ರೋಡಿನಲ್ಲಿ ಮಾರಾಟವಾಗದೆ ಉಳಿದ ಹಳೆ ಸ್ಟಾಕನ್ನು ಹುಡುಕುತ್ತಾರೆ. ಕೆಲಸ ಮಾಡುತ್ತಿರುವ ಹಳೆಯ ಕಂಡೆನ್ಸರನ್ನು ಸರ್ವಿಸಿನ ನೆಪದಲ್ಲಿ ಬದಲಿಸದಿರುವುದೂ ಒಂದು ಮುನ್ನೆಚ್ಚರಿಕೆಯೇ.

2021ರಲ್ಲಿ ಕೇಂದ್ರ ಸರ್ಕಾರ ಐವತ್ತು ವರ್ಷ ದಾಟಿದ ವಾಹನಗಳಿಗೆ ವಿಂಟೇಜ್ ನೋಂದಣಿಯನ್ನೂ ‘ವಿಎ’ ಸರಣಿಯ ನಂಬರ್ ಪ್ಲೇಟನ್ನೂ ತಂದಿತು. ಚಾಸಿಸ್, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಪ್ರದರ್ಶನ, ರ‍್ಯಾಲಿ, ರಿಪೇರಿಯಂಥ ಕೆಲಸಕ್ಕಷ್ಟೇ ರಸ್ತೆಗೆ ತರಬಹುದು. ಗುಜರಿಯಿಂದ ಗಾಡಿ ಉಳಿಸುವ ಮಟ್ಟಿಗೆ ಇದು ಒಳ್ಳೆಯ ನಿಯಮ. ಆದರೆ ಷೆಡ್ಡಿನಲ್ಲಿ ಕೂತ ಕಾರಿನ ಪಾಯಿಂಟಿನ ತುದಿಗಳು ಈ ಊರಿನ ಗಾಳಿಗೆ ಮಂಕು ಹಿಡಿಯುತ್ತವೆ, ರ‍್ಯಾಲಿಯ ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗುವುದಿಲ್ಲ. ಹೊರಡುವ ಹಿಂದಿನ ದಿನ ತುದಿಗಳ ನಡುವೆ ಒಣ ಕಾಗದ ಎಳೆದು ಶುಚಿ ಮಾಡಿದರೆ ಬಹುಪಾಲು ಸಾಕು.

ಅಷ್ಟೂ ಬೇಡವೆನ್ನುವವರು ಪಾಯಿಂಟಿನ ಜಾಗದಲ್ಲಿ ಕೂರುವ ಹಾಲ್ ಎಫೆಕ್ಟ್ ಮಾಡ್ಯೂಲ್ ಹಾಕಿಸುತ್ತಾರೆ. ಕ್ಯಾಪು ಮುಚ್ಚಿದರೆ ಹೊರಗೆ ಏನೂ ಕಾಣದು. ಅದಕ್ಕೆ ಹೊಂದುವ ಓಮ್ಸ್‌ನ ಕಾಯಿಲ್ ಇರಬೇಕು, ಎಂಜಿನ್ ನಿಂತಿರುವಾಗ ರೇಡಿಯೊ ಕೇಳಲೆಂದು ಕೀ ಆನ್ ಮಾಡಿ ಬಿಡಬಾರದು. ಮಾಡ್ಯೂಲ್ ಸುಟ್ಟುಹೋಗುತ್ತದೆ, ಸುಟ್ಟದ್ದನ್ನು ದಾರಿಯಲ್ಲಿ ಯಾರೂ ರಿಪೇರಿ ಮಾಡಲಾರರು. ಸವೆದ ಬುಷ್ಷನ್ನೂ ಅಂಟಿದ ತೂಕಗಳನ್ನೂ ಮಾಡ್ಯೂಲ್ ಸರಿಪಡಿಸುವುದೂ ಇಲ್ಲ. ಈಸ್ಟ್ ಕೋಸ್ಟ್ ರಸ್ತೆಯಲ್ಲಿ ಪುದುಚೇರಿಯ ಕಡೆ ಹೊರಟವರು ಪಾಯಿಂಟು, ಕಂಡೆನ್ಸರು ಸಮೇತ ಹೊಂದಿಸಿಟ್ಟ ಹಳೆಯ ತಟ್ಟೆಯೊಂದನ್ನು ಒಂದು ಸ್ಕ್ರೂಡ್ರೈವರಿನ ಜೊತೆ ಡಿಕ್ಕಿಯಲ್ಲಿ ಇಟ್ಟುಕೊಳ್ಳುವುದು ಮೇಲು.