ಸಿಬ್ಬಂದಿ ವಿಲೀನ: ಉಳಿಯೋದು ಎಷ್ಟು, ಕಳೆದುಹೋಗೋದು ಏನು?

‘ಕಮಿಷನ್’ ಅಂದ ಕೂಡಲೇ ನಮ್ಮ ರಾಜ್ಯದವರಿಗೆ 40 ಪರ್ಸೆಂಟ್ ನೆನಪಾಗುತ್ತೆ. ಹಾಗಾಗಿ ಈ ಲೇಖನದ ಉದ್ದಕ್ಕೂ ‘ಆಯೋಗ’ ಅಂತಲೇ ಬರೆಯುತ್ತೇನೆ. ನಾನು ಹೇಳಹೊರಟಿರುವುದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರಾಡಳಿತದ ಆಯೋಗಗಳ ಬಗ್ಗೆ. ದುಡ್ಡು ಉಳಿಸೋಕೆ ಆಯೋಗಗಳನ್ನೂ ಅವುಗಳ ಆಡಳಿತ ಸಿಬ್ಬಂದಿಯನ್ನೂ ಒಟ್ಟುಗೂಡಿಸಬೇಕಾ ಅನ್ನೋ ಪ್ರಶ್ನೆಯನ್ನು ಆ ಊರು ಮತಪೆಟ್ಟಿಗೆವರೆಗೂ ಒಯ್ದಿದೆ. ‘ಎರಡು ಕಚೇರಿ ಯಾಕೆ, ಒಂದು ಸಾಕಲ್ವಾ?’ ಅನ್ನೋ ಮಾತನ್ನು ನಾವೂ ಪದೇ ಪದೇ ಕೇಳುತ್ತೇವೆ. ಆದ್ದರಿಂದ ಅಲ್ಲಿ ಏನಾಯ್ತು ಅಂತ ಬಿಡಿಸಿ ನೋಡುವುದು ಉಪಯುಕ್ತ.

ಈ ಆಯೋಗಗಳು ಯಾವುವು?

ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಗರ ಮತ್ತು ಕೌಂಟಿ ಎರಡಕ್ಕೂ ಒಂದೇ ಆಡಳಿತ. ಮೇಯರ್ ಇದ್ದಾರೆ, 11 ಸದಸ್ಯರ ಬೋರ್ಡ್ ಆಫ್ ಸೂಪರ್‌ವೈಸರ್ಸ್ ಇದೆ. ಇವೆರಡರ ಜೊತೆಗೆ ಪೊಲೀಸ್, ಆರೋಗ್ಯ, ಗ್ರಂಥಾಲಯ, ಉದ್ಯಾನ, ಯೋಜನೆ ಹೀಗೆ ನೂರಕ್ಕೂ ಹೆಚ್ಚು ಆಯೋಗ, ಮಂಡಳಿ, ಸಲಹಾ ಸಮಿತಿಗಳಿವೆ. 2024ರ ಮತದಾರರ ಕೈಪಿಡಿಯ ಪ್ರಕಾರ ಇವುಗಳ ಸಂಖ್ಯೆ ಸುಮಾರು 130. ಸದಸ್ಯರು ಸಾಮಾನ್ಯ ನಾಗರಿಕರು. ಹೆಚ್ಚಿನವರಿಗೆ ಸಂಬಳ ಇಲ್ಲ, ಇದ್ದರೂ ಸಣ್ಣ ಗೌರವಧನ.

ಎಲ್ಲಾ ಆಯೋಗಗಳ ತೂಕ ಒಂದೇ ಅಲ್ಲ. ಕೆಲವು ಬರೀ ಸಲಹೆ ಕೊಡುತ್ತವೆ, ಕೆಲವಕ್ಕೆ ನಿಜವಾದ ಅಧಿಕಾರ ಇದೆ. ಪೊಲೀಸ್ ಆಯೋಗ ಇಲಾಖೆಯ ನೀತಿ ನಿರ್ಧರಿಸುತ್ತೆ, ಗಂಭೀರ ಶಿಸ್ತು ಪ್ರಕರಣಗಳನ್ನು ವಿಚಾರಿಸುತ್ತೆ. ಅದರ ಏಳು ಸದಸ್ಯರಲ್ಲಿ ನಾಲ್ವರನ್ನು ಮೇಯರ್, ಮೂವರನ್ನು ಬೋರ್ಡ್ ಸೂಚಿಸುತ್ತವೆ. ಅಧಿಕಾರ ಒಬ್ಬರ ಕೈಗೇ ಸಿಗದಿರಲಿ ಅನ್ನೋದು ಈ ಹಂಚಿಕೆಯ ಉದ್ದೇಶ.

2024ರಲ್ಲಿ ಮತಕ್ಕೆ ಬಂದದ್ದೇನು?

ಆ ವರ್ಷದ ನವೆಂಬರ್ 5ರಂದು ಎರಡು ಪ್ರಸ್ತಾವಗಳು ಮತದಾರರ ಮುಂದಿದ್ದವು. ‘ಡಿ’ ಪ್ರಸ್ತಾವ ಆಯೋಗಗಳ ಸಂಖ್ಯೆಗೆ 65ರ ಮಿತಿ ಹಾಕಬೇಕು ಅಂದಿತು. ಮೊದಲು ಮಿತಿ ಹಾಕೋಣ, ಯಾವುದು ಉಳಿಯಬೇಕು ಅಂತ ಆಮೇಲೆ ನೋಡೋಣ ಅನ್ನೋ ಧಾಟಿ ಅದರದ್ದು. ‘ಇ’ ಪ್ರಸ್ತಾವ ಸಂಖ್ಯೆಯನ್ನೇ ಹೇಳಲಿಲ್ಲ. ಐದು ಜನರ ಕಾರ್ಯಪಡೆ ರಚಿಸಿ, ಒಂದೊಂದೇ ಆಯೋಗವನ್ನು ಪರಿಶೀಲಿಸಿ, ಯಾವುದನ್ನು ರದ್ದು ಮಾಡಬೇಕು, ಯಾವುದನ್ನು ವಿಲೀನಗೊಳಿಸಬೇಕು ಅಂತ 2026ರ ಫೆಬ್ರವರಿ 1ರೊಳಗೆ ಹೇಳಲಿ ಅಂದಿತು. ಪ್ರತಿ ಆಯೋಗಕ್ಕೆ ಎಷ್ಟು ಖರ್ಚಾಗುತ್ತೆ, ವಿಲೀನ ಮಾಡಿದರೆ ಎಷ್ಟು ಉಳಿಯುತ್ತೆ ಅಂತ ಬಜೆಟ್ ವಿಶ್ಲೇಷಕರು ವರದಿ ಕೊಡಬೇಕು ಅಂತಲೂ ಸೇರಿಸಿತು. ‘ಡಿ’ ಸೋತಿತು, ‘ಇ’ ಗೆದ್ದಿತು. ಅಳತೆ ಮಾಡದೆ ಕತ್ತರಿ ಹಾಕಬೇಡಿ ಅನ್ನೋದೇ ಈ ಫಲಿತಾಂಶದ ಅರ್ಥ ಅಂತ ನಾನು ಓದಿಕೊಳ್ಳುತ್ತೇನೆ.

ದುಡ್ಡು ಎಲ್ಲಿ ಖರ್ಚಾಗುತ್ತೆ?

ಸದಸ್ಯರಿಗೆ ಹೆಚ್ಚೇನೂ ಕೊಡುವುದಿಲ್ಲ ಅಂದಮೇಲೆ ಖರ್ಚು ಇರುವುದು ಸಿಬ್ಬಂದಿಯಲ್ಲಿ. ಕ್ಯಾಲಿಫೋರ್ನಿಯಾದ 1953ರ ಬ್ರೌನ್ ಕಾಯ್ದೆಯ ಪ್ರಕಾರ ಸಾಮಾನ್ಯ ಸಭೆಯ ಅಜೆಂಡಾವನ್ನು 72 ಗಂಟೆ ಮೊದಲೇ ಪ್ರಕಟಿಸಬೇಕು, ಸಾರ್ವಜನಿಕರಿಗೆ ಮಾತಾಡಲು ಅವಕಾಶ ಕೊಡಬೇಕು. 1993ರಲ್ಲಿ ಬಂದು 1999ರಲ್ಲಿ ಮತದಾರರೇ ಬಲಪಡಿಸಿದ ನಗರದ ಸನ್‌ಶೈನ್ ಕಾನೂನು ಇನ್ನೂ ಬಿಗಿ. ಸಭೆ ಮುಗಿದ 10 ಕೆಲಸದ ದಿನಗಳೊಳಗೆ ನಡಾವಳಿಯ ಕರಡು ಕೇಳಿದವರಿಗೆ ಸಿಗಬೇಕು. ಅಜೆಂಡಾ, ನೋಟಿಸು, ನಡಾವಳಿ, ರೆಕಾರ್ಡಿಂಗ್, ದಾಖಲೆ ಕೇಳಿ ಬಂದ ಅರ್ಜಿಗೆ ಉತ್ತರ, ಇದೆಲ್ಲ ಆಯೋಗದ ಕಾರ್ಯದರ್ಶಿಯ ಕೆಲಸ.

ಒಂದು ಸಣ್ಣ ಲೆಕ್ಕ ಹಾಕೋಣ. ವಿಲೀನದಿಂದ 20 ಹುದ್ದೆ ಕಡಿಮೆಯಾಯ್ತು, ಒಂದಕ್ಕೆ ಸೌಲಭ್ಯವೆಲ್ಲ ಸೇರಿ ವರ್ಷಕ್ಕೆ 2 ಲಕ್ಷ ಡಾಲರ್ ಅಂತ ಇಟ್ಟುಕೊಳ್ಳಿ. ಈ ಎರಡೂ ನನ್ನ ಊಹೆಯ ಅಂಕಿ, ಗಾತ್ರ ತಿಳಿಯಲಿ ಅಂತಷ್ಟೆ. ಆಗ ವರ್ಷಕ್ಕೆ 40 ಲಕ್ಷ ಡಾಲರ್ ಉಳಿಯುತ್ತೆ. 2025-26ರ ನಗರ ಬಜೆಟ್ ಸುಮಾರು 1,590 ಕೋಟಿ ಡಾಲರ್, ಅಂದ್ರೆ ಉಳಿತಾಯ ಅದರ ಶೇ. 0.025. ಆಗ ಎದುರಾಗಿದ್ದ ಎರಡು ವರ್ಷದ ಕೊರತೆ ಸುಮಾರು 80 ಕೋಟಿ ಡಾಲರ್. ಎರಡು ವರ್ಷದ ಉಳಿತಾಯ ಅದರ ಶೇ. 1. ತಳ್ಳಿಹಾಕುವಂಥ ಮೊತ್ತ ಅಲ್ಲ, ಆದರೆ ಬಜೆಟ್ ಕೊರತೆಗೆ ಇದೇ ಮದ್ದು ಅನ್ನೋರನ್ನು ನಂಬಬೇಡಿ. ಜೊತೆಗೆ, ಸಭೆಗಾಗಿ ಇಲಾಖೆಯ ಅಧಿಕಾರಿಗಳು, ನಗರದ ವಕೀಲರು ಕೊಡುವ ಸಮಯವೂ ಖರ್ಚೇ. ಕಾರ್ಯದರ್ಶಿಗಳನ್ನು ಒಟ್ಟುಗೂಡಿಸಿದರೆ ಅದು ಕಡಿಮೆಯಾಗಲ್ಲ, ಸಭೆ ಕಡಿಮೆಯಾದರೆ ಮಾತ್ರ ಆಗುತ್ತೆ.

ಒಡೆದು ಮತ್ತೆ ಕೂಡಿಸಿದ ಕಥೆ

2020ರ ಜನವರಿಯಲ್ಲಿ ನಗರದ ಲೋಕೋಪಯೋಗಿ ಇಲಾಖೆಯ ಮುಖ್ಯಸ್ಥ ಮೊಹಮ್ಮದ್ ನೂರು ಅವರನ್ನು ಎಫ್‌ಬಿಐ ಭ್ರಷ್ಟಾಚಾರ ಪ್ರಕರಣದಲ್ಲಿ ಬಂಧಿಸಿತು. 2022ರಲ್ಲಿ 7 ವರ್ಷ ಶಿಕ್ಷೆಯಾಯ್ತು. ಅಷ್ಟು ದೊಡ್ಡ ಇಲಾಖೆಯ ಮೇಲೆ ಒಂದು ಆಯೋಗವೂ ಇರಲಿಲ್ಲ. 2020ರ ನವೆಂಬರ್‌ನಲ್ಲಿ ಮತದಾರರು ‘ಬಿ’ ಪ್ರಸ್ತಾವ ಒಪ್ಪಿ ಇಲಾಖೆಯನ್ನೇ ಎರಡು ಮಾಡಿದರು: ಒಂದು ಲೋಕೋಪಯೋಗಿ, ಇನ್ನೊಂದು ಸ್ವಚ್ಛತೆ ಮತ್ತು ರಸ್ತೆ. ಎರಡಕ್ಕೂ ಒಂದೊಂದು ಆಯೋಗ.

ಒಡೆದ ಮೇಲೆ ಎರಡು ಕಡೆ ಲೆಕ್ಕಪತ್ರ, ಎರಡು ಕಡೆ ಸಿಬ್ಬಂದಿ ವಿಭಾಗ, ಎರಡು ಕಡೆ ಐಟಿ ಬೇಕಾಯ್ತು. ಇದಕ್ಕೇ ವರ್ಷಕ್ಕೆ ಕೆಲವು ಮಿಲಿಯನ್ ಡಾಲರ್. ಇದರಿಂದ ಬೀದಿ ಸ್ವಚ್ಛ ಆಗುತ್ತಾ ಅನ್ನೋ ಪ್ರಶ್ನೆ ಎದ್ದಿತು. 2022ರ ನವೆಂಬರ್‌ನಲ್ಲಿ ಮತ್ತೊಂದು ‘ಬಿ’ ಪ್ರಸ್ತಾವ ಬಂತು, ಗೆದ್ದಿತು, ಇಲಾಖೆ ಮತ್ತೆ ಒಂದಾಯ್ತು. ಆದರೆ ಎರಡೂ ಆಯೋಗಗಳನ್ನು ಹಾಗೇ ಉಳಿಸಿಕೊಂಡರು.

ಮುಖ್ಯ ಪಾಠ ಇಲ್ಲೇ ಇದೆ. ಸಂಬಳದ ಚೀಟಿ ಬರೆಯುವ ಕೆಲಸವನ್ನು ಕೂಡಿಸಿದರು, ಕಾವಲನ್ನು ಕೂಡಿಸಲಿಲ್ಲ. ಎರಡನ್ನೂ ‘ಆಡಳಿತ ವೆಚ್ಚ’ ಅಂತ ಒಂದೇ ಸಾಲಿನಲ್ಲಿ ಬರೆದರೆ ಈ ವ್ಯತ್ಯಾಸ ಕಾಣೋದೇ ಇಲ್ಲ.

ವಿಲೀನದಲ್ಲಿ ಮೂರು ಬಗೆ

*ಒಂದು, ಹಿಂಬದಿ ಕೆಲಸ.* ಸಂಬಳ, ಖರೀದಿ, ಲೆಕ್ಕ, ಐಟಿ. ಇದನ್ನು ಧಾರಾಳವಾಗಿ ಕೂಡಿಸಬಹುದು.

*ಎರಡು, ಕಾರ್ಯದರ್ಶಿ ಕೆಲಸ.* ನಾಲ್ಕು ಸಣ್ಣ ಸಲಹಾ ಸಮಿತಿಗಳಿಗೆ ಒಬ್ಬರೇ ಕಾರ್ಯದರ್ಶಿ ಸಾಕಾಗಬಹುದು. ಆದರೆ ಅವರು ಯಾರಿಗೆ ಉತ್ತರ ಕೊಡಬೇಕು? ನಗರದ ಚಾರ್ಟರ್ ಆಯೋಗಗಳಿಗೆ ತಮ್ಮ ಕಾರ್ಯದರ್ಶಿಯನ್ನು ತಾವೇ ನೇಮಿಸಿಕೊಳ್ಳುವ ಅಧಿಕಾರ ಕೊಟ್ಟಿದೆ. ವಿಲೀನದ ಹೆಸರಲ್ಲಿ ಆ ಹುದ್ದೆ ಇಲಾಖೆಯ ಮುಖ್ಯಸ್ಥರ ಕೆಳಗೆ ಹೋದರೆ, ಯಾರ ಮೇಲೆ ನಿಗಾ ಇಡಬೇಕೋ ಅವರೇ ಅಜೆಂಡಾ ಬರೆದಂತಾಗುತ್ತೆ. ಇದಕ್ಕೆ ಪರ್ಯಾಯವೂ ಆ ಊರಲ್ಲೇ ಇದೆ. ಸನ್‌ಶೈನ್ ಕಾನೂನಿನ ಕಾರ್ಯಪಡೆಗೆ ಸಿಬ್ಬಂದಿ ಒದಗಿಸುವುದು ಬೋರ್ಡ್‌ನ ಕ್ಲರ್ಕ್ ಕಚೇರಿ. ಹಂಚಿಕೊಂಡ ಸಿಬ್ಬಂದಿ, ಆದರೆ ಯಾವ ಇಲಾಖೆಗೂ ಸೇರಿದವರಲ್ಲ.

*ಮೂರು, ತನಿಖಾ ಸಿಬ್ಬಂದಿ.* ಪೊಲೀಸರ ವಿರುದ್ಧದ ದೂರುಗಳನ್ನು ತನಿಖೆ ಮಾಡುವ ಪೊಲೀಸ್ ಉತ್ತರದಾಯಿತ್ವ ಇಲಾಖೆಯ ಬೇರು 1982ರಲ್ಲಿ ಮತದಾರರು ಒಪ್ಪಿದ ನಾಗರಿಕ ದೂರು ಕಚೇರಿಯಲ್ಲಿದೆ. ಇಂಥ ಸಿಬ್ಬಂದಿಯನ್ನು ‘ಡಬಲ್ ಖರ್ಚು’ ಅಂತ ಬೇರೆ ಇಲಾಖೆಗೆ ಸೇರಿಸಿದರೆ ಉಳಿಯುವ ದುಡ್ಡಿಗಿಂತ ಕಳೆದುಹೋಗುವ ನಂಬಿಕೆ ದೊಡ್ಡದು.

ನಾವು ಕೇಳಬೇಕಾದ್ದು

ಬೆಂಗಳೂರು ಈ ಆಟವನ್ನು ಎರಡೂ ದಿಕ್ಕಿನಿಂದ ನೋಡಿದೆ. 2007ರಲ್ಲಿ ಮಹಾನಗರ ಪಾಲಿಕೆಗೆ ಏಳು ನಗರಸಭೆ, ಒಂದು ಪುರಸಭೆ, ನೂರಕ್ಕೂ ಹೆಚ್ಚು ಹಳ್ಳಿಗಳನ್ನು ಸೇರಿಸಿ ಬಿಬಿಎಂಪಿ ಮಾಡಿದರು. 2025ರ ಸೆಪ್ಟೆಂಬರ್‌ನಲ್ಲಿ ಅದನ್ನು ಐದು ಪಾಲಿಕೆಗಳಾಗಿ ಒಡೆದು, ಮೇಲೊಂದು ಗ್ರೇಟರ್ ಬೆಂಗಳೂರು ಪ್ರಾಧಿಕಾರ ಇಟ್ಟರು. ಚುನಾಯಿತ ಕೌನ್ಸಿಲ್‌ನ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್‌ನಲ್ಲಿ. ಐದು ವರ್ಷವಾದರೂ ಹೊಸ ಕೌನ್ಸಿಲ್ ಇಲ್ಲದಿರುವಾಗಲೇ ಈ ಒಡೆಯುವಿಕೆ ನಡೆಯಿತು. ನಾಗರಿಕರು ಕೂರುವ ವಾರ್ಡ್ ಸಮಿತಿಗೂ ಕಾರ್ಯದರ್ಶಿ ಪಾಲಿಕೆಯ ಅಧಿಕಾರಿಯೇ.

ಹಾಗಾಗಿ ಒಡೆಯುವಾಗ ಆಗಲಿ, ಕೂಡಿಸುವಾಗ ಆಗಲಿ, ಕೇಳಬೇಕಾದ ಪ್ರಶ್ನೆಗಳು ಇವು. ಈಗಿನ ಖರ್ಚು ಎಷ್ಟು, ಉಳಿತಾಯ ಎಷ್ಟು ಅಂತ ಲೆಕ್ಕ ಪ್ರಕಟವಾಗಿದೆಯಾ? ಕೂಡಿಸುತ್ತಿರುವುದು ಹಿಂಬದಿ ಕೆಲಸವಾ, ಕಾವಲು ಕೆಲಸವಾ? ಅಜೆಂಡಾ ಯಾರು ಬರೀತಾರೆ, ಅವರನ್ನು ವರ್ಗಾವಣೆ ಮಾಡುವ ಅಧಿಕಾರ ಯಾರದ್ದು? ವಿಲೀನದ ನಂತರವೂ ನಡಾವಳಿ ಅಷ್ಟೇ ದಿನದಲ್ಲಿ ಜನರ ಕೈಗೆ ಸಿಗುತ್ತಾ?

ಕೊನೆಯ ಎರಡಕ್ಕೆ ಸರಿಯಾದ ಉತ್ತರ ಸಿಗದಿದ್ದರೆ, ಉಳಿತಾಯದ ಅಂಕಿ ಎಷ್ಟೇ ಚೆನ್ನಾಗಿದ್ದರೂ ನಾನು ಬೇಡ ಅಂತಲೇ ಹೇಳುತ್ತೇನೆ.